ಚಳಿ ಹೋಯ್ತು, ಹಕ್ಕಿಗಳೂ ಹೋದವಾ?

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಶಾಲಾ ಶಿಕ್ಷಕಿ. ಶರಣಬಸವೇಶ್ವರ ಜಾತ್ರೆ ಮುಗಿದ ಮುಂದಿನ ಭಾನುವಾರ ಮಕ್ಕಳನ್ನು ಅಪ್ಪನ ಕೆರೆಗೆ ಕರೆದುಕೊಂಡು ಹೋಗಿದ್ದೆ. ನಾವು ಮುಟ್ಟಿದಾಗ ಒಂಬತ್ತೂವರೆ. ನಾಲ್ಕು ಬೆಳ್ಳಕ್ಕಿ, ನಡುನೀರಲ್ಲಿ ಒಂದಿಷ್ಟು ನಾಮದಕೋಳಿ, ಅಷ್ಟೇ. ಚಳಿ ಮುಗಿದ ಕೂಡಲೇ ವಲಸೆ ಹಕ್ಕಿಗಳು ಹೋಗಿಬಿಡುತ್ತವೆ ಅಂತಾರೆ. ಇನ್ನು ನವೆಂಬರ್ ತನಕ ಕಾಯಬೇಕಾ?

ಉತ್ತರ: ಕಾಯಬೇಡಿ ಮೇಡಂ. ನಿಮಗೆ ಹೇಳಿದವರ ಮಾತು ಅರ್ಧ ನಿಜ. ಪಟ್ಟೆತಲೆ ಹೆಬ್ಬಾತುಗಳು ಮಾರ್ಚ್ ಹೊತ್ತಿಗೆ ಹೆಚ್ಚುಕಡಿಮೆ ಹೊರಟುಹೋಗಿರುತ್ತವೆ. ಅವು ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಸೇರಬೇಕು. ಆದರೆ ಕೆಸರಲ್ಲಿ ಮೇಯುವ ಸಣ್ಣ ಹಕ್ಕಿಗಳಿಗೆ ಅಷ್ಟು ಅವಸರ ಇಲ್ಲ. ಅವುಗಳಲ್ಲಿ ಕೆಲವು ಮೊಟ್ಟೆ ಇಡುವುದು ಸೈಬೀರಿಯಾದ ಉತ್ತರದ ತುದಿಯಲ್ಲಿ. ಅಲ್ಲಿ ಹಿಮ ಕರಗುವುದೇ ಜೂನ್ ಹೊತ್ತಿಗೆ. ಬೇಗ ಹೋಗಿ ಏನು ತಿನ್ನಬೇಕು, ಹೇಳಿ? ಹಾಗಾಗಿ ಏಪ್ರಿಲ್ ಕೊನೆಯ ತನಕ ನಮ್ಮಲ್ಲೇ ಇರುತ್ತವೆ.

ನಮ್ಮ ಕಡೆ ಬಿಸಿಲು ಏರಿದಂತೆ ಕೆರೆಗಳು ಒಳಗೊಳಗೆ ಸರಿಯುತ್ತವೆ. ಮೊನ್ನೆ ಮೊಣಕಾಲುದ್ದ ನೀರಿದ್ದ ಜಾಗ ಇವತ್ತು ಬರೀ ರಾಡಿ. ನಮಗೆ ಬರಗಾಲದ ನೋಟ ಅದು. ಹಕ್ಕಿಗೆ ಮಾತ್ರ ಹಬ್ಬದ ಊಟ. ಹುಳ, ಮರಿಹುಳ, ಸಣ್ಣ ಸಿಗಡಿ ಎಲ್ಲ ಆ ರಾಡಿಯ ಮೇಲ್ಪದರದಲ್ಲೇ ಸಿಗುತ್ತವೆ. ದೂರದ ಹಾದಿಗೆ ಮೈಯಲ್ಲಿ ಕೊಬ್ಬು ಕಟ್ಟಿಕೊಳ್ಳಬೇಕಲ್ಲ, ಅದಕ್ಕೇ ಅವು ತಲೆ ಎತ್ತದೆ ತಿನ್ನುತ್ತಿರುತ್ತವೆ. ದಡದ ತನಕ ನೀರು ತುಂಬಿದ ಊರೊಳಗಿನ ಕೆರೆಯಲ್ಲಿ ಈ ಹಕ್ಕಿಗಳಿಗೆ ಕಾಲೂರಲು ಜಾಗ ಇರುವುದಿಲ್ಲ. ಹಿನ್ನೀರು ಹಿಂದೆ ಸರಿದ ಕಡೆ ಹೋಗಿ. ಬೆಣ್ಣೆತೊರಾ, ಬೀದರಿನ ಕಾರಂಜಾ, ಯಾದಗಿರಿ ಕಡೆ ಹತ್ತಿಕುಣಿ, ಸುರಪುರ ತಾಲೂಕಿನ ಬೋನಾಳ. ಬೋನಾಳದ್ದು ಸುರಪುರದ ಅರಸರ ಕಾಲದ ಕೆರೆ, ಈಗ ಪಕ್ಷಿಧಾಮ. ಒಂದು ದಿನದ ಪ್ರವಾಸಕ್ಕೆ ನಾನಾದರೆ ಅದನ್ನೇ ಆರಿಸುತ್ತೇನೆ.

ಒಂಬತ್ತೂವರೆ ಮಾತ್ರ ತಡವಾಯಿತು. ಏಪ್ರಿಲ್‌ನಲ್ಲಿ ಆ ಹೊತ್ತಿಗೆ ನೆಲದ ಬಿಸಿ ಮೇಲೆದ್ದು ದುರ್ಬೀನಿನಲ್ಲಿ ಎಲ್ಲವೂ ಅಲುಗಾಡುತ್ತದೆ, ಮಕ್ಕಳೂ ಬಾಡಿಹೋಗುತ್ತಾರೆ. ಆರಕ್ಕೆ ಅಲ್ಲಿರಿ, ಎಂಟಕ್ಕೆ ಉಪ್ಪಿಟ್ಟಿನ ಡಬ್ಬಿ ತೆಗೆಯಿರಿ. ಕೆರೆಯ ಪೂರ್ವ ದಂಡೆಯಲ್ಲಿ ನಿಂತರೆ ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಬಣ್ಣ ಚೆನ್ನಾಗಿ ಕಾಣುತ್ತದೆ.

ಆಮೇಲೆ ಕೂತುಬಿಡಿ. ಸುಮ್ನೆ ಕೂರಬೇಕು. ನಾನು ಕಲಿತಿದ್ದು ಕೆಡಿಸಿಕೊಂಡೇ. ಒಂದು ಸಲ ಇನ್ನೆರಡು ಹೆಜ್ಜೆ, ಇನ್ನೆರಡು ಹೆಜ್ಜೆ ಅಂತ ಫೋಟೊ ಆಸೆಗೆ ಹತ್ತಿರ ಹೋದೆ. ಒಂದು ಟಿಟ್ಟಿಭ ಕೂಗಿತು ನೋಡಿ, ಇಡೀ ದಂಡೆ ಎದ್ದು ಹಾರಿತು. ಜೊತೆಗಿದ್ದ ಕುರಿ ಕಾಯುವ ಅಜ್ಜ, ‘ಆ ಕಾವಲುಗಾರನ್ನ ಮೊದಲು ನೋಡಬೇಕಿತ್ತು’ ಅಂದ. ಬೆಳಗಿನ ಮೇವು ಕೆಡಿಸಿದರೆ ಹೊರಡಲಿರುವ ಹಕ್ಕಿಗೆ ಅದು ನಷ್ಟವೇ.

ಇನ್ನೊಂದು ಲಾಭ ಇದೆ. ಚಳಿಗಾಲದಲ್ಲಿ ಮಾಸಲು ಬಟ್ಟೆ ಉಟ್ಟಂತಿರುವ ಹಕ್ಕಿಗಳು ಈಗ ಮದುವೆ ಬಟ್ಟೆಗೆ ಬದಲಾಗುತ್ತಿರುತ್ತವೆ. ಹಳದಿ ಸಿಪಿಲೆಯ ಎದೆ ಅರಿಸಿನ ಬಳಿದಂತಾಗುತ್ತದೆ. ಬ್ಲ್ಯಾಕ್‌ಟೇಲ್ಡ್ ಗಾಡ್‌ವಿಟ್‌ನ ಬೂದು ಕತ್ತು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಡಿಸೆಂಬರ್‌ನಲ್ಲಿ ನೋಡಿದವರಿಗೆ ಇದು ಸಿಕ್ಕಿರುವುದಿಲ್ಲ.

ಪ್ರಶ್ನೆ: ಸರ್, ನಾನು ಸುರಪುರದ ಕಾಲೇಜು ವಿದ್ಯಾರ್ಥಿ. ರಾಡಿಯಲ್ಲಿ ಓಡಾಡುವ ಕಂದು ಹಕ್ಕಿಗಳೆಲ್ಲ ಒಂದೇ ಥರ ಕಾಣುತ್ತವೆ. ಹೇಗೆ ಗುರುತು ಹಿಡಿಯುವುದು? ಎಂಥ ದುರ್ಬೀನು ತಗೊಳ್ಳಲಿ?

ಉತ್ತರ: ತಮ್ಮಾ, ಮೊದಮೊದಲು ಎಲ್ಲರಿಗೂ ಹಾಗೇ. ಬಣ್ಣ ಬಿಡು, ನಡಿಗೆ ನೋಡು. ನಿಂತಲ್ಲೂ ಹಿಂಭಾಗ ಕುಣಿಸುತ್ತಲೇ ಇದ್ದು, ಹೆಗಲ ಮುಂದೆ ಎದೆಯ ಬಿಳಿ ಮೇಲೇರಿದ್ದರೆ ಕಾಮನ್ ಸ್ಯಾಂಡ್‌ಪೈಪರ್. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತು, ಬಗ್ಗಿ ಕುಕ್ಕಿ, ಮತ್ತೆ ಓಡಿದರೆ ಲಿಟಲ್ ರಿಂಗ್ಡ್ ಪ್ಲವರ್. ಅದರ ಕಣ್ಣ ಸುತ್ತ ಹಳದಿ ಬಳೆ ಇರುತ್ತದೆ. ಆಗಾಗ ಒಂದು ಕಾಲನ್ನು ರಾಡಿಯ ಮೇಲೆ ಗಡಗಡ ನಡುಗಿಸುತ್ತದೆ. ಅದು ಹುಳ ಎಬ್ಬಿಸುವ ಉಪಾಯ. ಗುಬ್ಬಿಯಷ್ಟೇ ಇದ್ದು, ಕಪ್ಪು ಕಾಲು, ಹೊಲಿಗೆ ಮಿಷಿನ್ ಸೂಜಿಯಂತೆ ಕುಕ್ಕುತ್ತಿದ್ದರೆ ಲಿಟಲ್ ಸ್ಟಿಂಟ್. 25–30 ಗ್ರಾಂ ತೂಗುವ ಈ ಪ್ರಾಣಿಯೇ ಸೈಬೀರಿಯಾ ತನಕ ಹೋಗುವುದು. ನನಗಂತೂ ಇವತ್ತಿಗೂ ನಂಬಿಕೆ ಬರುವುದಿಲ್ಲ.

ಒಂದು ಬೆಳಿಗ್ಗೆಗೆ ಎರಡೇ ಹಕ್ಕಿ ಕಲಿ, ಸಾಕು. ಕಾಲಿನ ಬಣ್ಣ, ಕೊಕ್ಕಿನ ಉದ್ದ ಚೀಟಿಯಲ್ಲಿ ಬರೆದುಕೋ. ದುರ್ಬೀನು 8x42 ತಗೋ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ಗಳಲ್ಲಿ. ಜಾಸ್ತಿ ಪಟ್ಟಿನದು ಕೈಯಲ್ಲಿ ಅಲುಗಾಡುತ್ತದೆ, ದುಡ್ಡೂ ಜಾಸ್ತಿ.

ಪ್ರಶ್ನೆ: ಭಾಲ್ಕಿ ತಾಲೂಕಿನ ರೈತ ನಾನು. ಬಿಳಿಜೋಳ ಹಾಲುಗಾಳಿಗೆ ಬಂದಾಗ ಕಪ್ಪುತಲೆಯ ಗುಲಾಬಿ ಹಕ್ಕಿಗಳು ಮೋಡದಂತೆ ಬಂದು ಇಳಿಯುತ್ತವೆ. ಕವಣೆ ಬೀಸಿ ಬೀಸಿ ತೋಳು ನೋವು. ಸಂಜೆ ಕೆರೆಯ ಆಪು ಹುಲ್ಲಿನಲ್ಲಿ ಮಲಗುತ್ತಿದ್ದವು. ಈಗ ಒಂದೂ ಇಲ್ಲ. ಎಲ್ಲಿ ಹೋದವು?

ಉತ್ತರ: ಗುಲಾಬಿ ಮೈನಾ ಅದು. ನಿಮ್ಮ ಕಡೆ ಮರಾಠಿ ಬಲ್ಲವರು ಭೋರಡಿ ಅಂತಾರೆ, ಪಳಸ ಮೈನಾ ಅಂತಲೂ ಅಂತಾರೆ. ಪಳಸ ಅಂದರೆ ನಮ್ಮ ಮುತ್ತಲ. ಆ ಕೆಂಪು ಹೂವಿಗೆ ಕೊಕ್ಕು ತೂರಿಸಿ ಮಕರಂದ ಕುಡಿಯುವುದನ್ನು ನೀವೂ ನೋಡಿರಬಹುದು. ಹಾಗೆ ಕುಡಿದು, ತಿಂದು, ಏಪ್ರಿಲ್ ಒಳಗೆ ಕಜಾಕಸ್ತಾನದ ಕಡೆಯ ಹುಲ್ಲುಗಾವಲಿಗೆ ಹೊರಡುತ್ತವೆ. ಅಲ್ಲಿ ಮರಿಗಳಿಗೆ ತಿನ್ನಿಸುವುದು ಜೋಳ ಅಲ್ಲ, ಮಿಡತೆ. ಅಲ್ಲಿನ ರೈತರು ಇವನ್ನು ಕರೆದು ಕೂರಿಸಿಕೊಳ್ಳುತ್ತಾರೆ. ನಿಮ್ಮ ಹೊಲದಲ್ಲೂ ಮಿಡತೆ ತಿಂದಿವೆ, ಆದರೆ ತೆನೆ ಹೋದ ಸಿಟ್ಟಲ್ಲಿ ಅದು ಯಾರಿಗೆ ಕಾಣುತ್ತದೆ, ಅಲ್ವಾ?

ಮರಿ ಮಾಡುವ ಕೆಲಸ ಬೇಗ ಮುಗಿಯುತ್ತದೆ. ಜುಲೈ–ಆಗಸ್ಟ್‌ಗೆಲ್ಲ ಮೊದಲ ಗುಂಪುಗಳು ನಮ್ಮ ದೇಶಕ್ಕೆ ವಾಪಸ್. ಅಂದರೆ ನೀವು ಹಿಂಗಾರಿ ಜೋಳ ಬಿತ್ತುವ ಮೊದಲೇ. ಕವಣೆ ಎಣ್ಣೆ ಹಚ್ಚಿ ಇಡಿ.