ಕಿವಿಯ ಮೇಲ್ಭಾಗ ಚುಚ್ಚಿಸಿದರೆ ಗಾಯ ಮಾಯಲು ಅಷ್ಟೊಂದು ತಿಂಗಳು ಯಾಕೆ ಬೇಕು?

ಅಲ್ಲಿ ಚರ್ಮದೊಳಗಿರುವ ಮೆದು ಎಲುಬಿಗೆ ತನ್ನದೇ ರಕ್ತನಾಳಗಳಿಲ್ಲ, ಅದಕ್ಕೇ. ಸುತ್ತಲಿನ ತೆಳು ಪೊರೆಯಿಂದ ಪೋಷಣೆ ನಿಧಾನವಾಗಿ ಇಳಿಯಬೇಕು. ಕೆಳಗಿನ ಹಾಲೆಯಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ, ಸುಮಾರು 6–8 ವಾರದಲ್ಲಿ ಮಾಯುತ್ತದೆ. ಮೇಲ್ಭಾಗಕ್ಕೆ 6 ತಿಂಗಳು, ಒಮ್ಮೊಮ್ಮೆ 1 ವರ್ಷವೂ ಹಿಡಿಯಬಹುದು.

ಬೆಂಗಳೂರಿನಲ್ಲಿ ದಿನಾ ಗಾಡಿ ಓಡಿಸುವವರಿಗೆ ಕಷ್ಟ ಇನ್ನೂ ಜಾಸ್ತಿ. ಹೆಲ್ಮೆಟ್ ತೆಗೆಯುವಾಗ ಒಳಗಿನ ಬಟ್ಟೆಗೆ ರಿಂಗ್ ಸಿಕ್ಕಿ ಎಳೆದರೆ, ಆಗಷ್ಟೇ ಕೂಡುತ್ತಿದ್ದ ಚರ್ಮ ಮತ್ತೆ ಹರಿಯುತ್ತದೆ, ಪಕ್ಕದಲ್ಲೇ ಕೆಂಪು ಗುಳ್ಳೆ ಏಳುತ್ತದೆ. ಮೊದಲ ತಿಂಗಳುಗಳಲ್ಲಿ ರಿಂಗ್ ಬದಲು ಚಿಕ್ಕ ಸ್ಟಡ್ ವಾಸಿ.

ಅರಿಶಿನ, ಎಣ್ಣೆ ಹಚ್ಚಬೇಡಿ. ಸಲೈನ್‌ನಲ್ಲಿ ತೊಳೆದು ಸುಮ್ನೆ ಬಿಡಿ, ತಿರುಗಿಸಬೇಡಿ. ಕಿವಿ ಬಿಸಿಯಾಗಿ ಊದಿಕೊಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ಸೋಂಕು ಮೆದು ಎಲುಬಿಗೆ ಇಳಿದರೆ ಕಿವಿಯ ಆಕಾರವೇ ಕೆಡಬಹುದು.