ದವಡೆ ಕೆಳಗಿನ ಕಲ್ಲಿಗೂ ಬೋರ್ ನೀರಿಗೂ ಏನು ಸಂಬಂಧ?

(ಸೇಡಂ ತಾಲ್ಲೂಕಿನ ಶಿಕ್ಷಕಿಯೊಬ್ಬರ ಪತ್ರದ ಸಾರ: ವಯಸ್ಸು 51. ಬಿಪಿ, ಸಕ್ಕರೆ ಎರಡೂ ಇವೆ. ಹಿಂದೊಮ್ಮೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಈಗ ಜೊಲ್ಲಿನ ಗ್ರಂಥಿಯಲ್ಲಿ ಕಲ್ಲಿದೆ ಎಂದು ಡಾಕ್ಟರ್ ಹೇಳಿದ್ದಾರೆ. ಇದು ಬೋರ್ ನೀರಿನಿಂದ ಆಯ್ತಾ? ಹಾಲು, ಮೊಸರು ಬಿಡಬೇಕಾ?)

ಅಕ್ಕೋರೇ, ನಮಸ್ಕಾರ.

"ಪುಂಡಿ ಪಲ್ಯದ ತುತ್ತು ಬಾಯಿಗೆ ಹೋಗೋದೇ ತಡ, ದವಡೆ ಕೆಳಗ ನಿಂಬೆಹಣ್ಣಿನಷ್ಟು ಗಂಟು ಬರ್ತದ. ತಾಸೆರಡು ತಾಸಿಗೆ ಇಳೀತದ" ಎಂದು ಬರೆದಿದ್ದೀರಿ. ಈ ಕಾಯಿಲೆಯನ್ನು ಇದಕ್ಕಿಂತ ಚೆನ್ನಾಗಿ ಹೇಳೋದು ಕಷ್ಟ. ಹುಳಿ ತಾಗಿದ ಕೂಡಲೇ ಜೊಲ್ಲು ಉಕ್ಕುತ್ತದೆ. ನಾಳದಲ್ಲಿ ಕಲ್ಲು ಕೂತಿದ್ದರೆ ಜೊಲ್ಲು ಹಿಂದೆಯೇ ನಿಂತು ಗ್ರಂಥಿ ಊದುತ್ತದೆ.

ಹತ್ತರಲ್ಲಿ ಎಂಟು ಕಲ್ಲುಗಳಾದರೂ ದವಡೆ ಕೆಳಗಿನ ಈ ಗ್ರಂಥಿಯಲ್ಲೇ ಸಿಗುತ್ತವೆ. ಇದರ ನಾಳ ಸುಮಾರು 5 ಸೆಂಟಿಮೀಟರ್ ಉದ್ದ. ಜೊಲ್ಲು ಕೆಳಗಿನಿಂದ ಮೇಲಕ್ಕೆ ಹತ್ತಿ ನಾಲಿಗೆಯ ಅಡಿಗೆ ಬರಬೇಕು. ಈ ಜೊಲ್ಲು ಸ್ವಲ್ಪ ಅಂಟು, ಕ್ಯಾಲ್ಸಿಯಂ ಕೂಡ ಜಾಸ್ತಿ. ಹರಿವು ನಿಧಾನವಾದರೆ ಗಸಿ ಕಟ್ಟುತ್ತದೆ.

ಹಾಗಂತ ಹಾಲು, ಮೊಸರು ಬಿಡಬೇಡಿ. ಈ ಕಲ್ಲಾದವರಲ್ಲಿ ಬಹುತೇಕರ ರಕ್ತದ ಕ್ಯಾಲ್ಸಿಯಂ ಸರಿಯಾಗೇ ಇರುತ್ತದೆ. ಗಡಸು ನೀರಿನ ಮೇಲಿನ ಅನುಮಾನವನ್ನು ಇಂಗ್ಲೆಂಡಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ, ಸಂಬಂಧ ಕಾಣಲಿಲ್ಲ. ಕಿಡ್ನಿ ಕಲ್ಲಾದವರಿಗೆ ಈ ಕಲ್ಲೂ ಹೆಚ್ಚಾಗುತ್ತದಾ ಎಂಬ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ಊದುವ ಕಾಯಿಲೆ) ಇರುವವರಿಗೆ ಮಾತ್ರ ಯೂರಿಕ್ ಆಮ್ಲದ ಕಲ್ಲು ಆಗುವುದುಂಟು.

ನನ್ನ ಕಣ್ಣು ನಿಂತದ್ದು ಪತ್ರದ ಇನ್ನೊಂದು ಮೂಲೆಯಲ್ಲಿ. ಶಾಲೆಯ ಶೌಚಾಲಯಕ್ಕೆ ಚಿಲಕ ಇಲ್ಲ, ಅದಕ್ಕೇ ಬೆಳಗ್ಗೆ ಒಂಬತ್ತರಿಂದ ಸಂಜೆ ಮನೆ ಸೇರುವವರೆಗೆ ನೀರೇ ಮುಟ್ಟೋದಿಲ್ಲ ಎಂದಿದ್ದೀರಿ. ಅದೂ ನಮ್ಮ ಕಲಬುರಗಿ ಬಿಸಿಲಲ್ಲಿ! ಮೇಲಿಂದ ಡಾಕ್ಟರ್ ಬರೆದ ಔಷಧಿ ಚೀಟಿ ನೋಡಿದೆ. ನಿಮ್ಮ ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿದೆ, ಅದು ಮೂತ್ರ ಹೆಚ್ಚಿಸುತ್ತದೆ. ಶೀತಕ್ಕೆ ತಿಂಗಳುಗಟ್ಟಲೆ ಸೆಟಿರಿಜಿನ್. ಎರಡೂ ಬಾಯಿ ಒಣಗಿಸಬಲ್ಲವು. ಸಕ್ಕರೆ ಹತೋಟಿ ತಪ್ಪಿದರೆ ಅದೂ ಒಣಗಿಸುತ್ತದೆ. ನನಗೆ ಬೋರ್‌ವೆಲ್‌ಗಿಂತ ಆ ಚಿಲಕದ ಮೇಲೇ ಅನುಮಾನ ಜಾಸ್ತಿ.

ಆದರೆ ಬಿಪಿ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ನಾನು ಡಾಕ್ಟರ್ ಅಲ್ಲ, ಪತ್ರಿಕೆ ನಡೆಸುವವನು. ಚೀಟಿ ಬರೆದವರಿಗೇ "ಬಾಯಿ ಒಣಗುತ್ತೆ, ಬೇರೆ ಮಾತ್ರೆ ಇದೆಯಾ?" ಅಂತ ಕೇಳಿ. ಕಣ್ಣಲ್ಲೂ ಮರಳು ಬಿದ್ದ ಹಾಗೆ ಅನಿಸುತ್ತಿದ್ದರೆ ಅದನ್ನೂ ಹೇಳಿ. ಶೋಗ್ರೆನ್ ಎಂಬ ಕಾಯಿಲೆಯಲ್ಲಿ ಕಣ್ಣು, ಬಾಯಿ ಎರಡೂ ಒಣಗುತ್ತವೆ. ಪಕ್ಕದ ಮನೆಯವರು ಸೂಜಿಯಿಂದ ಕಲ್ಲು ಕೆದಕಿ ತೆಗೀತೀನಿ ಅಂದರಂತಲ್ಲ, ದಯವಿಟ್ಟು ಬೇಡ. ಸಣ್ಣ ಕಲ್ಲಾದರೆ ಬೆಚ್ಚನೆ ಬಟ್ಟೆಯ ಶಾಖ, ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ತಿಕ್ಕೋದು, ಸಾಕಷ್ಟು ನೀರು, ಇಷ್ಟರಲ್ಲೇ ಹೊರಬರಬಹುದು. ಬರದಿದ್ದರೆ ಬಾಯೊಳಗೆ ಚಿಕ್ಕ ಗಾಯ ಮಾಡಿ ತೆಗೆಯುತ್ತಾರೆ, ಇಲ್ಲವೇ ನಾಳಕ್ಕೆ ಸಣ್ಣ ಕ್ಯಾಮೆರಾ ಇಳಿಸುತ್ತಾರೆ. ಎಲ್ಲರಿಗೂ ಗ್ರಂಥಿ ತೆಗೆಯಬೇಕಾಗಿಲ್ಲ.

ಜ್ವರ ಬಂದರೆ, ನಾಲಿಗೆ ಕೆಳಗೆ ಕೀವು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ನುಂಗಲು, ಉಸಿರಾಡಲು ಕಷ್ಟವಾದರೆ ಒಂದು ಗಳಿಗೆಯೂ ಕಾಯಬೇಡಿ. ಊಟಕ್ಕೆ ಸಂಬಂಧವೇ ಇಲ್ಲದೆ ಗಟ್ಟಿಯಾಗಿ ಉಳಿಯುವ ಗಂಟನ್ನೂ ತೋರಿಸಲೇಬೇಕು.

ಕೊನೆಗೆ ಪುಂಡಿ ಪಲ್ಯ ಬಿಡಬೇಕಾ ಅಂತ ಕೇಳಿದ್ದೀರಿ. ಹುಳಿ ಜೊಲ್ಲನ್ನು ಹರಿಸುತ್ತದೆ, ಅದು ಒಳ್ಳೇದೇ. ತೀರಾ ನೋವಿದ್ದ ದಿನ ಮಾತ್ರ ಬೇಡ. ರೊಟ್ಟಿ ಜೊತೆ ಬೇಳೆ ಹಚ್ಚಿಕೊಂಡು ಊಟ ಮುಗಿಸಿ.