ಬಣ್ಣ ಹಚ್ಚಿದರೆ ಸೋತ ಹಾಗೆ, ಬಿಟ್ಟರೆ ಮುದುಕಿಯಾದ ಹಾಗೆ

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಮೊದಲ ಬಿಳಿ ಕೂದಲು ಕಂಡಿದ್ದು 28ರಲ್ಲಿ. 30ಕ್ಕೆಲ್ಲ ಡೈ ಶುರು ಮಾಡಿದೆ. ಅಂದಿನಿಂದ ಮೂರು ವಾರಕ್ಕೊಮ್ಮೆ ಶನಿವಾರ ರಾತ್ರಿ ಹಳೇ ಟವೆಲ್ ಹೊದ್ದು ಬಚ್ಚಲುಮನೆಯಲ್ಲಿ ಕೂರುವುದು ತಪ್ಪಿಲ್ಲ. ಈಚೆಗೆ ಹಚ್ಚಿದ ಮಾರನೇ ದಿನ ಹಣೆಯ ಅಂಚಿನಲ್ಲಿ, ಕಿವಿಯ ಹಿಂದೆ ವಿಪರೀತ ತುರಿಕೆ. ಕೊನೇ ಸಲ ಕಣ್ಣಿನ ರೆಪ್ಪೆ ಕೂಡ ಊದಿತ್ತು. ಹೆದರಿ ನಿಲ್ಲಿಸಿ ನಾಲ್ಕು ತಿಂಗಳಾಯಿತು. ಈಗ ಬೈತಲೆಯ ಎರಡೂ ಕಡೆ ಬೆಳ್ಳಗೆ, ಅದರ ಕೆಳಗೆ ಮಾಸಿದ ಕಂದು. ಕನ್ನಡಿ ನೋಡಲು ಮನಸ್ಸಾಗುವುದಿಲ್ಲ. ಹದಿನಾಲ್ಕರ ಮಗಳು "ಅಮ್ಮ, ಸ್ಕೂಲ್ ಹತ್ರ ಬರೋವಾಗ ತಲೆಗೆ ಏನಾದ್ರೂ ಮಾಡ್ಕೊಂಡು ಬಾ" ಅಂದಳು. ಆಫೀಸಿನಲ್ಲಿ "ಯಾಕೆ ಮೇಡಂ, ಹುಷಾರಿಲ್ವಾ?" ಅಂತ ಕೇಳುತ್ತಾರೆ. ಓರಗಿತ್ತಿ ಯಾವುದೋ ಎಣ್ಣೆ ತಂದುಕೊಟ್ಟಿದ್ದಾಳೆ. ನಮ್ಮೆಜಮಾನರ ತಲೆ ಪೂರ್ತಿ ನರೆತಿದೆ, ಅವರನ್ನು ಯಾರೂ ಏನೂ ಕೇಳುವುದಿಲ್ಲ. ನನ್ನ ಕೂದಲ ಬಗ್ಗೆ ಕೇಳಿದರೆ ಫೋನಿನಿಂದ ತಲೆ ಎತ್ತದೆ "ನಿನ್ನಿಷ್ಟ" ಅನ್ನುತ್ತಾರೆ. ಇನ್ನು ಆರು ವಾರಕ್ಕೆ ಬೇರೆ ಕಂಪನಿಯಲ್ಲಿ ಇಂಟರ್‌ವ್ಯೂ ಇದೆ. ಇಷ್ಟು ವರ್ಷ ಹಚ್ಚಿದ್ದಕ್ಕೆ ಕ್ಯಾನ್ಸರ್ ಬರುತ್ತದಾ ಅನ್ನುವ ಭಯ ಬೇರೆ. ಬಣ್ಣ ಹಚ್ಚಿದರೆ ಸೋತ ಹಾಗೆ, ಬಿಟ್ಟರೆ ಮುದುಕಿಯಾದ ಹಾಗೆ. ಏನು ಮಾಡಲಿ?
(ಹೆಸರು ಬೇಡ)

ಉತ್ತರ: ಮೊದಲು ಆ ಊದಿದ ರೆಪ್ಪೆಯ ವಿಷಯ ಮಾತಾಡೋಣ. ಅಂದಚೆಂದ, ವಯಸ್ಸು, ಜನರ ಬಾಯಿ ಎಲ್ಲ ಆಮೇಲೆ.

ನೀವು ಬರೆದಿದ್ದನ್ನು ನೋಡಿದರೆ ಇದು ಡೈ ಅಲರ್ಜಿ ಇರಬಹುದು ಎಂಬ ಅನುಮಾನ ಬಲವಾಗಿಯೇ ಬರುತ್ತದೆ. ಕಪ್ಪು ಮತ್ತು ಗಾಢ ಕಂದು ಬಣ್ಣ ಕೊಡುವ ಹೆಚ್ಚಿನ ಪರ್ಮನೆಂಟ್ ಡೈಗಳಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಪ್ಯಾರಾ-ಫೆನಿಲೀನ್‌ಡೈಅಮೀನ್ ಅಂತ ಪೂರ್ತಿ ಹೆಸರು ಬರೆದಿರುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಬೆರೆತಾಗ ಅದು ಕೂದಲಿನ ಒಳಗೇ ಬಣ್ಣವಾಗಿ ಕೂತುಬಿಡುತ್ತದೆ. ಅದಕ್ಕೇ ಎಷ್ಟು ತೊಳೆದರೂ ಹೋಗುವುದಿಲ್ಲ. ಹೇರ್ ಡೈ ಅಲರ್ಜಿಗೆ ಮುಖ್ಯ ಕಾರಣವೂ ಅದೇ. ಅಲರ್ಜಿ ಹಚ್ಚಿದ ತಕ್ಷಣ ಕಾಣುವುದು ಕಡಿಮೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಹಣೆ, ಕಿವಿ, ಕತ್ತು, ರೆಪ್ಪೆಗಳಲ್ಲಿ ತುರಿಕೆ ಮತ್ತು ಊತ ಬರುತ್ತದೆ. ರೆಪ್ಪೆಯ ಚರ್ಮ ತುಂಬಾ ತೆಳು. ಡೈ ಅಲ್ಲಿಗೆ ತಾಗದಿದ್ದರೂ ಅದು ಊದಬಹುದು.

"ಇಷ್ಟು ವರ್ಷ ಏನೂ ಆಗಿರಲಿಲ್ಲವಲ್ಲ" ಅಂತ ನಿಮಗೆ ಅನ್ನಿಸಬಹುದು. ಈ ಅಲರ್ಜಿ ಬರುವ ರೀತಿಯೇ ಹಾಗೆ. ಎಷ್ಟೋ ವರ್ಷ ಸುಮ್ಮನಿದ್ದ ದೇಹ ಒಂದು ದಿನ ಆ ವಸ್ತುವನ್ನು ಶತ್ರು ಅಂತ ಗುರುತಿಸಿಬಿಡುತ್ತದೆ. ಒಮ್ಮೆ ಗುರುತಿಸಿದರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ಮುಂದಿನ ಸಲ ತುರಿಕೆಯಷ್ಟಕ್ಕೇ ನಿಲ್ಲದೆ ಮುಖವೆಲ್ಲ ಊದಬಹುದು. ಆದ್ದರಿಂದ ಇಂಟರ್‌ವ್ಯೂ ಇರಲಿ, ಏನೇ ಇರಲಿ, ಆ ಹಳೇ ಡೈ ಮತ್ತೆ ತಲೆಗೆ ತಾಗಿಸಬೇಡಿ. "ಅಮೋನಿಯಾ ಇಲ್ಲ" ಅಂತ ಬರೆದಿರುವ ಡಬ್ಬಿಯೂ ಬೇಡ. ಅಮೋನಿಯಾ ಇಲ್ಲದಿದ್ದರೂ ಪಿಪಿಡಿ ಇರಬಹುದು. ಹರ್ಬಲ್ ಅಂತ ಹೇಳಿಕೊಳ್ಳುವ ಕಪ್ಪು ಪುಡಿಗಳ ಕಥೆಯೂ ಎಷ್ಟೋ ಸಲ ಅದೇ.

ಮೆಹಂದಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ಯಾರಾದರೂ ಅದನ್ನು ಹೇಳಿಯೇ ಹೇಳುತ್ತಾರೆ. ಶುದ್ಧ ಮೆಹಂದಿಯಿಂದ ಅಲರ್ಜಿ ಆಗುವುದು ಅಪರೂಪ. ಆದರೆ ಅದು ಕೊಡುವುದು ಕೆಂಪು-ಕಿತ್ತಳೆ ಬಣ್ಣ ಮಾತ್ರ, ಬಿಳಿ ಕೂದಲ ಮೇಲೆ ಅದು ಎದ್ದು ಕಾಣುತ್ತದೆ. ನೀಲಿ ಗಿಡದ ಪುಡಿ ಸೇರಿಸಿದರೆ ಕಂದು, ಕಪ್ಪು ಬರುತ್ತದೆ, ಅದಕ್ಕೆ ತಾಳ್ಮೆ ಬೇಕು. "ಕಪ್ಪು ಮೆಹಂದಿ" ಅಂತ ಮಾರುವುದರಲ್ಲಿ ಎಷ್ಟೋ ಸಲ ಪಿಪಿಡಿಯನ್ನೇ ಬೆರೆಸಿರುತ್ತಾರೆ. ನಿಮ್ಮಂಥವರಿಗೆ ಅದೇ ಅತಿ ಅಪಾಯದ ವಸ್ತು.

ಈ ವಾರವೇ ಚರ್ಮರೋಗ ತಜ್ಞರನ್ನು ನೋಡಿ. ಅವರು ಬೆನ್ನಿನ ಮೇಲೆ ಸಣ್ಣ ಪಟ್ಟಿಗಳನ್ನು ಅಂಟಿಸಿ ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಎರಡು ದಿನ ಬಿಟ್ಟು ಪಟ್ಟಿ ತೆಗೆದು, ಆಮೇಲೆ ಇನ್ನೊಮ್ಮೆ ನೋಡಿ, ಯಾವ ವಸ್ತು ನಿಮಗೆ ಆಗುವುದಿಲ್ಲ ಅಂತ ಹೇಳುತ್ತಾರೆ. ಅಲರ್ಜಿಯೇ ಇಲ್ಲದವರು ಡೈ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ ನೋಡುವುದು ಸರಿ, ಡಬ್ಬಿಯೊಳಗಿನ ಚೀಟಿಯಲ್ಲಿ ಅದನ್ನೇ ಬರೆದಿರುತ್ತಾರೆ. ನಿಮಗೆ ಆಗಲೇ ಊತ ಬಂದಿರುವುದರಿಂದ ಮನೆಯಲ್ಲಿ ಆ ಪ್ರಯೋಗ ಬೇಡ. ಹೋಗುವಾಗ ಹಳೇ ಡೈ ಡಬ್ಬಿ ತೆಗೆದುಕೊಂಡು ಹೋಗಿ. ನಿಮಗೆ ನರೆ 28ಕ್ಕೇ ಶುರುವಾದ ವಿಷಯವನ್ನೂ ಹೇಳಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ ಇದ್ದರೆ ಬೇಗ ನರೆಯುವುದುಂಟು. ಇದುವರೆಗೆ ಪರೀಕ್ಷೆ ಮಾಡಿಸಿಲ್ಲವಾದರೆ ಒಮ್ಮೆ ರಕ್ತ ಕೊಟ್ಟು ನೋಡಬಹುದು.

ಕ್ಯಾನ್ಸರ್ ಭಯಕ್ಕೆ ಬರೋಣ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಅಮೆರಿಕದ 1,17,200 ನರ್ಸ್‌ಗಳನ್ನು 36 ವರ್ಷ ಗಮನಿಸಿದ್ದರು. ಮನೆಯಲ್ಲಿ ಪರ್ಮನೆಂಟ್ ಡೈ ಹಚ್ಚಿಕೊಂಡವರಲ್ಲಿ ಹೆಚ್ಚಿನ ಬಗೆಯ ಕ್ಯಾನ್ಸರ್ ಜಾಸ್ತಿ ಕಾಣಲಿಲ್ಲ, ಕ್ಯಾನ್ಸರ್‌ನಿಂದ ಸಾವೂ ಜಾಸ್ತಿ ಇರಲಿಲ್ಲ. ಅಂಡಾಶಯದ ಕ್ಯಾನ್ಸರ್, ಸ್ತನ ಕ್ಯಾನ್ಸರ್‌ನ ಕೆಲವು ವಿಧಗಳು, ಒಂದು ಬಗೆಯ ಚರ್ಮದ ಕ್ಯಾನ್ಸರ್, ಇವುಗಳಲ್ಲಿ ಸಣ್ಣ ಏರಿಕೆ ಕಂಡಿತ್ತು. ಅವರಲ್ಲಿ ಬಹುಪಾಲು ಬಿಳಿಯರು ಅನ್ನುವುದನ್ನೂ ಗಮನದಲ್ಲಿ ಇಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ದಿನವಿಡೀ ಡೈ ಮುಟ್ಟುವ ಹೇರ್ ಡ್ರೆಸ್ಸರ್‌ಗಳ ಕೆಲಸವನ್ನು "ಬಹುಶಃ ಕ್ಯಾನ್ಸರ್‌ಕಾರಕ" ಅನ್ನುತ್ತದೆ. ಸ್ವಂತಕ್ಕೆ ಹಚ್ಚಿಕೊಳ್ಳುವವರ ವಿಷಯದಲ್ಲಿ ಹಾಗೆ ಹೇಳಲು ಸಾಕಷ್ಟು ಪುರಾವೆ ಇಲ್ಲ ಅನ್ನುತ್ತದೆ. ಹದಿನಾರು ವರ್ಷ ಹಚ್ಚಿದ್ದಕ್ಕೆ ರಾತ್ರಿ ನಿದ್ದೆಗೆಡಬೇಡಿ.

ಈಗ ಕನ್ನಡಿಯ ಮುಂದೆ ಬನ್ನಿ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಾಕ್ಯ "ಬೈತಲೆಯ ಎರಡೂ ಕಡೆ ಬೆಳ್ಳಗೆ, ಅದರ ಕೆಳಗೆ ಮಾಸಿದ ಕಂದು" ಅನ್ನುವುದು. ನಿಮಗೆ ಬೇಜಾರು ತರುತ್ತಿರುವುದು ಆ ಗಡಿ. ನಿಮ್ಮ ನರೆ ಹೇಗಿದೆ ಅಂತ ನೀವು ಇನ್ನೂ ನೋಡಿಯೇ ಇಲ್ಲ! ಮೂವತ್ತಕ್ಕೆ ಮುಚ್ಚಿಟ್ಟಿರಿ, ಈಗ ನಾಲ್ಕು ಬೆರಳಿನಗಲವೂ ಹೊರಗೆ ಬಂದಿಲ್ಲ. ಅದರ ಪಕ್ಕದಲ್ಲೇ ಬಿಸಿಲಿಗೆ ಕೆಂಪಾದ ಹಳೇ ಬಣ್ಣ ನೇತಾಡುತ್ತಿದೆ. ಎಂಥ ಚೆಂದದ ಬೆಳ್ಳಿಯೂ ಅದರ ಜೊತೆಗೆ ಮಂಕಾಗಿಯೇ ಕಾಣುತ್ತದೆ. ಆಫೀಸಿನವರು "ಹುಷಾರಿಲ್ವಾ" ಅನ್ನುವುದೂ ಹೆಚ್ಚಾಗಿ ಅದನ್ನು ನೋಡಿಯೇ. ಅರ್ಧಕ್ಕೆ ಬಿಟ್ಟಂತೆ ಕಾಣುವ ತಲೆ ನೋಡಿದಾಗ, ಇವರಿಗೆ ಏನೋ ಆಗಿದೆ, ತಲೆ ಕಡೆ ಗಮನ ಕೊಡಲು ಆಗುತ್ತಿಲ್ಲ ಅಂದುಕೊಳ್ಳುತ್ತಾರೆ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಬುಡದಲ್ಲಿ ಬಣ್ಣ ತುಂಬುವ ಜೀವಕೋಶಗಳು ಕೆಲಸ ನಿಲ್ಲಿಸಿದಾಗ ಹೊಸ ಕೂದಲು ಬಣ್ಣವಿಲ್ಲದೆ ಹುಟ್ಟುತ್ತದೆ. ಭುಜ ದಾಟಿದ ಕೂದಲಾದರೆ ಹಳೇ ಬಣ್ಣ ಪೂರ್ತಿ ಹೋಗಲು ಮೂರು ವರ್ಷವೇ ಬೇಕು. ಗಿಡ್ಡ ಮಾಡಿಸಿದರೆ ಇನ್ನು ಐದಾರು ತಿಂಗಳು ಸಾಕು. ಉದ್ದ ಕೂದಲು ನಿಮಗೆ ತುಂಬಾ ಇಷ್ಟವಿದ್ದರೆ ಕತ್ತರಿಸಿ ಅಂತ ನಾನು ಒತ್ತಾಯ ಮಾಡುವುದಿಲ್ಲ. ಆದರೆ ಕತ್ತು ಮುಟ್ಟುವಷ್ಟಕ್ಕೆ ತಂದರೂ ಆ ಕೆಂಪಾದ ತುದಿಗಳು ಹೋಗುತ್ತವೆ, ತಲೆ ನೋಡಿಕೊಂಡ ಹಾಗೆ ಕಾಣುತ್ತದೆ. ಬೈತಲೆಯನ್ನು ನೆಟ್ಟಗೆ ತೆಗೆಯುವ ಬದಲು ಸ್ವಲ್ಪ ಅಂಕುಡೊಂಕಾಗಿ ತೆಗೆದರೆ ಗಡಿ ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಬಿಳಿ ಕೂದಲು ಎಷ್ಟೋ ಜನರಿಗೆ ಒರಟಾಗಿ, ಒಣಗಿದ ಹಾಗೆ ಅನ್ನಿಸುತ್ತದೆ, ಕಂಡೀಷನರ್ ಜಾಸ್ತಿ ಬೇಕಾಗುತ್ತದೆ.

ಓರಗಿತ್ತಿ ತಂದ ಎಣ್ಣೆಯನ್ನು ಪ್ರೀತಿಗೆ ಇಟ್ಟುಕೊಳ್ಳಿ. ನರೆತ ಕೂದಲನ್ನು ಮತ್ತೆ ಕಪ್ಪಾಗಿಸುತ್ತದೆ ಅಂತ ಸಾಬೀತಾದ ಎಣ್ಣೆ ಯಾವುದೂ ಇಲ್ಲ. ಒಂದು ಕಿತ್ತರೆ ಹತ್ತು ಬರುತ್ತದೆ ಅನ್ನುವುದೂ ಸುಳ್ಳು. ಬೇಗ ನರೆಯುವುದರಲ್ಲಿ ದೊಡ್ಡ ಪಾಲು ವಂಶದ್ದು. 2016ರಲ್ಲಿ ಲ್ಯಾಟಿನ್ ಅಮೆರಿಕದ 6,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಸಂಶೋಧಕರು ನರೆಗೆ ಸಂಬಂಧಪಟ್ಟ ಐಆರ್‌ಎಫ್4 ಅನ್ನುವ ಜೀನ್ ಗುರುತಿಸಿದರು. ನೀವು ಏನೋ ತಪ್ಪು ಮಾಡಿದ್ದರಿಂದ ಇದು ಬಂದಿಲ್ಲ.

ಇಂಟರ್‌ವ್ಯೂ ವಿಷಯದಲ್ಲಿ ನಿಮಗೆ ಸುಮ್ನೆ ಧೈರ್ಯ ಹೇಳಿ ಕಳಿಸಲು ನನಗೆ ಇಷ್ಟವಿಲ್ಲ. ಹೆಣ್ಣಿನ ನರೆಯನ್ನು ಕೆಲಸದ ಜಾಗದಲ್ಲಿ ಬೇರೆ ತಕ್ಕಡಿಯಲ್ಲಿ ತೂಗುತ್ತಾರೆ. ನಿಮ್ಮ ಯಜಮಾನರನ್ನು ಯಾರೂ ಕೇಳುವುದಿಲ್ಲ ಅನ್ನುವ ನಿಮ್ಮ ಸಿಟ್ಟು ನ್ಯಾಯವಾದದ್ದು. ಕೆನಡಾದ ಹೆಸರಾಂತ ಸುದ್ದಿ ನಿರೂಪಕಿ ಲೀಸಾ ಲಾಫ್ಲಾಮ್ 2020ರಲ್ಲಿ ಬಣ್ಣ ಹಚ್ಚುವುದನ್ನು ಬಿಟ್ಟು ಬೆಳ್ಳಿಗೂದಲಲ್ಲೇ ಸುದ್ದಿ ಓದಿದರು. 2022ರಲ್ಲಿ ಅವರನ್ನು ಕೆಲಸದಿಂದ ತೆಗೆದಾಗ ದೇಶವಿಡೀ ಗದ್ದಲವಾಯಿತು. ಕೂದಲು ಕಾರಣವಲ್ಲ ಅಂತ ಸಂಸ್ಥೆ ಹೇಳಿತು, ಜನ ಒಪ್ಪಲಿಲ್ಲ. ಇನ್ನೊಂದು ಕಡೆ ಕ್ರಿಸ್ಟೀನ್ ಲಗಾರ್ಡ್ ಅವರನ್ನು ನೋಡಿ. 2011ರಿಂದ ಅಂತರರಾಷ್ಟ್ರೀಯ ಹಣಕಾಸು ನಿಧಿ, 2019ರಿಂದ ಯುರೋಪಿನ ಕೇಂದ್ರ ಬ್ಯಾಂಕು, ಎರಡನ್ನೂ ಮುನ್ನಡೆಸಿದ್ದು ಬೆಳ್ಳಿಗೂದಲಲ್ಲೇ. ಎರಡೂ ನಿಜ. ನೀವು ಹೋಗುತ್ತಿರುವ ಕಂಪನಿ ಎಂಥದ್ದು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಹಾಗಾಗಿ ಇಂಟರ್‌ವ್ಯೂಗೆ ಚೆನ್ನಾಗಿ ಕತ್ತರಿಸಿದ, ನೀಟಾಗಿ ಬಾಚಿದ ತಲೆಯಲ್ಲಿ ಹೋಗಿ. ಗಡಿ ಕಂಡರೆ ನಿಮ್ಮ ಧೈರ್ಯವೇ ಕುಸಿಯುತ್ತದೆ ಅಂತಾದರೆ, ಬೈತಲೆಗೆ ಮೇಲಿಂದ ಸವರಿ ಆ ದಿನವೇ ತೊಳೆಯುವ ರೂಟ್ ಟಚ್‌ಅಪ್ ಪುಡಿಗಳಿವೆ. ಅದರಲ್ಲಿರುವ ವಸ್ತುಗಳ ಪಟ್ಟಿಯನ್ನೂ ಡಾಕ್ಟರಿಗೆ ತೋರಿಸಿಯೇ ಬಳಸಿ. ಮುಂದೆ ಬಣ್ಣ ಬೇಕೇ ಬೇಕು ಅನ್ನಿಸಿದರೆ ಪಿಪಿಡಿ ಇಲ್ಲದ ಬಣ್ಣಗಳಲ್ಲಿ ಯಾವುದು ನಿಮಗೆ ಆದೀತು ಅಂತಲೂ ಅವರನ್ನೇ ಕೇಳಿ, ಪಿಪಿಡಿ ಆಗದವರಲ್ಲಿ ಕೆಲವರಿಗೆ ಅದರ ಹತ್ತಿರದ ಸಂಬಂಧಿ ರಾಸಾಯನಿಕಗಳೂ ಆಗುವುದಿಲ್ಲ.

ಬಣ್ಣ ಹಚ್ಚಿದರೆ ಸೋತ ಹಾಗೆ ಅಂತ ಬರೆದಿದ್ದೀರಿ. ಯಾರ ಎದುರು ಸೋಲು? ಕಪ್ಪು ಕೂದಲು ನಿಮಗೆ ಖುಷಿ ಕೊಡುತ್ತಿದ್ದರೆ, ಚರ್ಮಕ್ಕೆ ಒಗ್ಗುವ ಬಣ್ಣ ಸಿಕ್ಕರೆ, ಧಾರಾಳವಾಗಿ ಹಚ್ಚಿ. ಅದಕ್ಕೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಆ ಶನಿವಾರದ ರಾತ್ರಿಗಳನ್ನು ನೆನೆಸಿಕೊಳ್ಳಿ. ಕಲೆಬಿದ್ದ ಟವೆಲ್, ಕಿವಿಯ ಅಂಚಿಗೆ ಅಂಟಿದ ಕಪ್ಪನ್ನು ಉಜ್ಜಿ ಉಜ್ಜಿ ತೆಗೆಯುವುದು, ಮೂರನೇ ವಾರ ಹತ್ತಿರ ಬಂದಾಗ ಯಾರಾದರೂ ತಲೆ ಬಗ್ಗಿ ನೋಡಿಬಿಟ್ಟಾರೆಂಬ ಅಳುಕು. ಇದನ್ನು 56ರಲ್ಲೂ, 66ರಲ್ಲೂ ಮಾಡಲು ನಿಮಗೆ ಮನಸ್ಸಿದೆಯಾ? ಇದೆ ಅಂತಾದರೆ ಒಂದು ದಾರಿ, ಸಾಕಾಗಿದೆ ಅಂತಾದರೆ ಇನ್ನೊಂದು ದಾರಿ. ಪತ್ರ ಓದಿದರೆ ನಿಮಗೆ ಸಾಕಾಗಿದೆ ಅಂತ ನನಗೆ ಅನ್ನಿಸುತ್ತದೆ. ಹಾಗಾಗಿ ಐದಾರು ತಿಂಗಳು ಬೆಳೆಯಲು ಬಿಡಿ. ಮುಖದ ಸುತ್ತ ಪೂರ್ತಿ ನಿಮ್ಮದೇ ಕೂದಲು ಬಂದ ಮೇಲೆ ಹಗಲು ಬೆಳಕಿನಲ್ಲಿ ನೋಡಿಕೊಂಡು ತೀರ್ಮಾನ ಮಾಡಿ. ಆಗ ಇಷ್ಟವಾಗದಿದ್ದರೆ ಬಣ್ಣದ ಮಾತು ಹೊಸದಾಗಿ ಆಡೋಣ.

ಮಗಳ ಮೇಲೆ ಕೋಪ ಮಾಡಿಕೊಳ್ಳಬೇಡಿ. ಹದಿನಾಲ್ಕರಲ್ಲಿ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ, ಅಮ್ಮನೂ ಆ ಲೆಕ್ಕದಲ್ಲಿ ಸೇರಿಬಿಡುತ್ತಾಳೆ. ಸಮಾಧಾನವಾಗಿ ಕೂರಿಸಿಕೊಂಡು "ಯಾರಾದ್ರೂ ಏನಾದ್ರೂ ಅಂದ್ರಾ ಪುಟ್ಟಿ?" ಅಂತ ಕೇಳಿ. ಯಾರೋ ರೇಗಿಸಿರಬಹುದು. ಇಲ್ಲವೇ ಅಮ್ಮನಿಗೆ ವಯಸ್ಸಾಗುತ್ತಿದೆ ಅನ್ನುವುದೇ ಅವಳಿಗೆ ಹೆದರಿಕೆ ತಂದಿರಬಹುದು. ರೆಪ್ಪೆ ಊದಿದ್ದನ್ನು ಅವಳಿಗೆ ಹೇಳಿದ್ದೀರಾ? ಹೇಳದಿದ್ದರೆ ಹೇಳಿ. ಕಾರಣ ಗೊತ್ತಾದರೆ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಬೇಗ ನಮ್ಮ ಪಕ್ಷಕ್ಕೆ ಬರುತ್ತಾರೆ.

ಯಜಮಾನರ "ನಿನ್ನಿಷ್ಟ" ನನಗೆ ಸಾಲದು, ನಿಮಗೂ ಸಾಲದು. ಅವರು ಸ್ವಾತಂತ್ರ್ಯ ಕೊಟ್ಟೆ ಅಂದುಕೊಂಡಿರಬಹುದು, ನಿಮಗೆ ಅದು ಒಂಟಿಯಾಗಿ ಬಿಟ್ಟ ಹಾಗೆ ಕೇಳಿಸಿದೆ. ಫೋನ್ ಕೆಳಗಿಟ್ಟ ಹೊತ್ತು ನೋಡಿ ನೇರವಾಗಿ ಹೇಳಿ: "ರೀ, ನನಗೆ ಪರ್ಮಿಷನ್ ಬೇಡ. ನನ್ನ ಮುಖ ನೋಡಿ ಒಂದು ಮಾತು ಹೇಳಿ." ಡಾಕ್ಟರ ಹತ್ತಿರಕ್ಕೂ ಜೊತೆಗೆ ಕರೆದುಕೊಂಡು ಹೋಗಿ. ಬೆನ್ನಿನ ಮೇಲಿನ ಪಟ್ಟಿ ಒದ್ದೆಯಾಗದ ಹಾಗೆ ನೋಡಿಕೊಳ್ಳಲು ಹೇಗೂ ಇನ್ನೊಬ್ಬರ ಸಹಾಯ ಬೇಕಾಗುತ್ತದೆ.

ಟೆಸ್ಟ್‌ನಲ್ಲಿ ಏನು ಬಂತು, ಇಂಟರ್‌ವ್ಯೂ ಹೇಗಾಯಿತು, ಎರಡನ್ನೂ ಬರೆಯಿರಿ. ಅಷ್ಟರೊಳಗೆ ಮತ್ತೆ ಊತ ಬಂದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ನನಗೆ ಬರೆಯುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.